ಸೋಂಕು ತಗುಲಿದ ಕಂಪ್ಯೂಟರೂ ತೇಪೆಗಳ ಗಂಟೂ

ಮನೆಯ ಕಂಪ್ಯೂಟರಿಗೆ ವೈರಸ್ಸು ತಗುಲಿತೆಂದರೆ ರಿಪೇರಿಯವರ ಬಾಯಲ್ಲಿ ಬರುವ ಮೊದಲ ಮಾತು ‘ಫಾರ್ಮ್ಯಾಟ್ ಮಾಡಿಬಿಡೋಣ’ ಎಂಬುದು. ಮಾತೇನೋ ತಪ್ಪಲ್ಲ. ಒಳಹೊಕ್ಕ ವೈರಸ್ಸು ಎಲ್ಲೆಲ್ಲಿ ಕೈಯಾಡಿಸಿದೆ ಎಂದು ಖಚಿತವಾಗಿ ಹೇಳುವುದು ಕಷ್ಟ. ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದೇ ನೇರವಾದ ದಾರಿ. ಆದರೆ ಇದರ ಹಿಂದೆ ಇನ್ನೊಂದು ಪ್ರಶ್ನೆ ಉಂಟು, ಅದನ್ನು ಕೇಳುವವರು ಕಡಿಮೆ. ವರ್ಷಗಟ್ಟಲೆ ಆ ಯಂತ್ರಕ್ಕೆ ಬಂದು ಸೇರಿದ ಅಪ್‌ಡೇಟುಗಳ ಗತಿಯೇನು? ಅವನ್ನು ಉಳಿಸಿಕೊಳ್ಳಬಹುದೆ? ಉಳಿಸಿಕೊಳ್ಳುವುದಾದರೆ ಎಲ್ಲಿಂದ?

ನಾನು ಕಲಾ ವಿಭಾಗದ ವಿದ್ಯಾರ್ಥಿ. ಈ ಶಾಸ್ತ್ರದಲ್ಲಿ ಪಂಡಿತನಲ್ಲ. ಆದರೂ 2024ರ ದಸರಾ ರಜೆಯಲ್ಲಿ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದಿತು. ತಂಗಿಯ ಇತಿಹಾಸದ ಪ್ರಬಂಧ, ಅರುವತ್ತು ಪುಟ, ಅಚ್ಚು ಹಾಕಿಸಲು ಪೆನ್‌ಡ್ರೈವಿನಲ್ಲಿ ಅಂಗಡಿಯೊಂದಕ್ಕೆ ಹೋಗಿ ಮರಳಿತು. ಮರಳುವಾಗ ಒಂಟಿಯಾಗಿ ಬರಲಿಲ್ಲ. ಮಾರನೆಯ ದಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿದ್ದವು, ಆಂಟಿವೈರಸ್ಸು ತೆರೆಯುತ್ತಲೇ ಇರಲಿಲ್ಲ. ಪ್ರಬಂಧ ಒಪ್ಪಿಸಲು ಉಳಿದಿದ್ದುದು ಒಂಬತ್ತು ದಿನ. ನಮ್ಮೂರಿನಲ್ಲಿ ಇಂಟರ್‌ನೆಟ್ಟೆಂದರೆ ಅಪ್ಪನ ಫೋನಿನ ಹಾಟ್‌ಸ್ಪಾಟು, ದಿನಕ್ಕೆ ಒಂದೂವರೆ ಜಿಬಿ. ‘ಹಳೆಯ ಅಪ್‌ಡೇಟುಗಳನ್ನೆಲ್ಲ ಎತ್ತಿಟ್ಟುಕೊಂಡರೆ ಡೇಟಾ ಉಳಿಯುತ್ತದಲ್ಲ, ಅಣ್ಣಾ?’ ಎಂದು ತಂಗಿ ಕೇಳಿದಳು. ಕೇಳಿದ್ದು ನ್ಯಾಯವಾಗಿಯೇ ಇತ್ತು.

ಅಪ್‌ಡೇಟೆಂದರೆ ಬಹುಮಟ್ಟಿಗೆ ತೇಪೆ. ತಂತ್ರಾಂಶದಲ್ಲಿ ಕಂಡುಬಂದ ತೂತನ್ನು ತಯಾರಕರು ಹೊಲಿದು ಕಳುಹಿಸುತ್ತಾರೆ. ಹೊಸದಾಗಿ ಹಾಕಿದ ವಿಂಡೋಸು ಹೆಸರಿಗೆ ಹೊಸದು, ಆದರೆ ಅದರ ವಯಸ್ಸು ಅದನ್ನು ಹಾಕಿದ ಡಿಸ್ಕಿನ ವಯಸ್ಸು. ಡಿಸ್ಕು ತಯಾರಾದ ಮೇಲೆ ಕಂಡ ತೂತುಗಳೆಲ್ಲ ಅದರಲ್ಲಿ ಹಾಗೆಯೇ ಬಾಯಿ ತೆರೆದುಕೊಂಡಿರುತ್ತವೆ.

ಇದರ ಅಪಾಯವನ್ನು ಲೋಕ ಚೆನ್ನಾಗಿ ಕಲಿತದ್ದು 2003ರಲ್ಲಿ. ವಿಂಡೋಸ್ ಎಕ್ಸ್‌ಪಿ ಹೊರಬಂದದ್ದು 2001ರ ಅಕ್ಟೋಬರಿನಲ್ಲಿ. ಅದರಲ್ಲಿದ್ದ ಒಂದು ತೂತಿಗೆ ಮೈಕ್ರೋಸಾಫ್ಟಿನವರು 2003ರ ಜುಲೈ 16ರಂದು ತೇಪೆ ಹೊರತಂದರು. ಆಗಸ್ಟ್ 11ರಂದು ಬ್ಲಾಸ್ಟರ್ ಎಂಬ ಹುಳು ಅದೇ ತೂತಿನಿಂದ ನುಗ್ಗಿತು. ತೇಪೆ ಹಾಕಿಕೊಂಡವರು ಬದುಕಿದರು, ಉಳಿದವರ ಪಾಡು ವಿಚಿತ್ರವಾಯಿತು. ಬ್ಲಾಸ್ಟರ್ ಬರಲು ಯಾರೂ ಯಾವ ಕಡತವನ್ನೂ ತೆರೆಯಬೇಕಾಗಿರಲಿಲ್ಲ; ಯಂತ್ರ ಇಂಟರ್‌ನೆಟ್ಟಿಗೆ ನೇರವಾಗಿ ಸೇರಿದ್ದರೆ ಸಾಕಾಗಿತ್ತು. ಹುಳು ಬಡಿದೊಡನೆ ‘ಅರುವತ್ತು ಸೆಕೆಂಡಿನಲ್ಲಿ ಯಂತ್ರ ನಿಲ್ಲುತ್ತದೆ’ ಎಂಬ ಸೂಚನೆ ತೆರೆಯ ಮೇಲೆ ಮೂಡುತ್ತಿತ್ತು. ತೇಪೆ ತರಲು ಇಂಟರ್‌ನೆಟ್ಟು ಬೇಕು, ಇಂಟರ್‌ನೆಟ್ಟಿಗೆ ಹೋದರೆ ಹುಳು ಬರುತ್ತದೆ! ಹಳೆಯ ಡಿಸ್ಕಿನಿಂದ ಆಗತಾನೆ ಮರುಸ್ಥಾಪಿಸಿದ ಯಂತ್ರವೂ ಇದಕ್ಕೆ ಹೊರತಾಗಿರಲಿಲ್ಲ. ಮಾರನೆಯ ವರ್ಷ ಸ್ಯಾಸರ್ ಎಂಬ ಇನ್ನೊಂದು ಹುಳು ಇದೇ ಆಟವನ್ನು ಮತ್ತೊಮ್ಮೆ ಆಡಿತು.

ಆದುದರಿಂದಲೇ ಆ ದಿನಗಳಲ್ಲಿ ತಿಳಿದವರು ತೇಪೆಗಳನ್ನು ಸಿಡಿಯಲ್ಲಿ ಕೂಡಿಟ್ಟುಕೊಳ್ಳುತ್ತಿದ್ದರು. 2004ರ ಆಗಸ್ಟಿನ ಎರಡನೆಯ ಸರ್ವಿಸ್ ಪ್ಯಾಕು ಸುಮಾರು 266 ಎಂಬಿ ಇತ್ತು. ದೂರವಾಣಿ ತಂತಿಯ 56 ಕಿಲೋಬಿಟ್ ಮೋಡೆಮ್ಮಿನಲ್ಲಿ ಅದು ಇಳಿಯಲು, ತಂತಿ ಒಮ್ಮೆಯೂ ಕಡಿಯದಿದ್ದರೂ, ಹತ್ತು ಗಂಟೆಗೂ ಮೀರಿ ಬೇಕು. ಕೇಳಿದವರಿಗೆ ಮೈಕ್ರೋಸಾಫ್ಟಿನವರೇ ಸಿಡಿಯನ್ನು ಕಳುಹಿಸಿಕೊಡುತ್ತಿದ್ದರು. ಆ ಪ್ಯಾಕಿನಿಂದ ಮುಂದೆ ವಿಂಡೋಸಿನ ಫೈರ್‌ವಾಲು ತಾನಾಗಿಯೇ ಚಾಲೂ ಇರುವಂತಾಯಿತು.

ಈಗ ತಂಗಿಯ ಪ್ರಶ್ನೆಗೆ ಬರೋಣ. ವಿಂಡೋಸ್ ಫೋಲ್ಡರಿನೊಳಗೆ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಎಂಬ ಉಗ್ರಾಣವೊಂದಿದೆ. ಇಳಿದ ಅಪ್‌ಡೇಟುಗಳು ಮೊದಲು ಬಂದು ಬೀಳುವುದು ಅಲ್ಲಿ. ಅದನ್ನೇ ನಕಲು ಮಾಡಿಕೊಂಡರಾಯಿತಲ್ಲ ಎಂದು ಯಾರಿಗಾದರೂ ತೋರಬಹುದು. ನನ್ನ ಅಭಿಪ್ರಾಯದಲ್ಲಿ ಇದು ಸಲ್ಲದು. ಅದು ತಾತ್ಕಾಲಿಕ ಉಗ್ರಾಣ. ಕೆಲಸ ಮುಗಿದ ಮೇಲೆ ಅದರಲ್ಲಿರುವುದನ್ನು ಯಂತ್ರವೇ ಅಳಿಸುತ್ತಿರುತ್ತದೆ, ಉಳಿದವುಗಳ ಹೆಸರುಗಳೋ ನಮಗೆ ಅರ್ಥವಾಗದ ಅಕ್ಷರಮಾಲೆ. ಇದಕ್ಕಿಂತ ಗಂಭೀರವಾದ ಕಾರಣವೆಂದರೆ ಆ ಉಗ್ರಾಣ ಇರುವುದು ರೋಗಿಯ ಮನೆಯಲ್ಲಿ. ಸ್ಯಾಲಿಟಿ, ವಿರುಟ್ ಮೊದಲಾದ ವೈರಸ್ಸುಗಳು ಕಂಡ ಕಂಡ ಎಕ್ಸ್‌ಇ ಕಡತಗಳಿಗೆಲ್ಲ ತಮ್ಮನ್ನು ಅಂಟಿಸಿಕೊಳ್ಳುವ ಜಾತಿಯವು. ಮೈಕ್ರೋಸಾಫ್ಟಿನ ಕಡತಗಳ ಮೇಲೆ ಡಿಜಿಟಲ್ ಸಹಿ ಇರುತ್ತದೆ, ಕಡತ ಕೆಟ್ಟರೆ ಸಹಿ ಒಡೆಯುತ್ತದೆ, ನಿಜ. ಆದರೆ ಸಹಿಯನ್ನು ಪರೀಕ್ಷಿಸುವ ಯಂತ್ರವೇ ಸೋಂಕಿನದಾದರೆ, ಕಳ್ಳನನ್ನೇ ಸಾಕ್ಷಿಗೆ ಕರೆದಂತಾಯಿತು.

ಹಾಗಾದರೆ ಉಳಿಸಬೇಕಾದದ್ದು ಯಂತ್ರದಿಂದ ಮತ್ತೆ ಸಿಗದ ವಸ್ತುವನ್ನು, ಎಂದರೆ ಪ್ರಬಂಧವನ್ನು. ತೇಪೆ ತಯಾರಕರಲ್ಲಿ ಎಂದಿಗೂ ಸಿಗುತ್ತದೆ. ಅದೂ ಈಗ ಸುಲಭ: 2015ರಲ್ಲಿ ಬಂದ ವಿಂಡೋಸ್ 10ರಿಂದ ಈಚೆಗೆ ತಿಂಗಳ ಅಪ್‌ಡೇಟುಗಳು ಸಂಚಿತ ರೂಪದವು. ಇತ್ತೀಚಿನ ಒಂದರಲ್ಲಿ ಹಿಂದಿನವೆಲ್ಲ ಅಡಗಿರುತ್ತವೆ. ಎಕ್ಸ್‌ಪಿಯ ಕಾಲದಂತೆ ಹತ್ತಾರು ಬಿಡಿ ತೇಪೆಗಳ ಗಂಟು ಕಟ್ಟಬೇಕಾಗಿಲ್ಲ. (ಕೆಲವು ಹೊಸ ಆವೃತ್ತಿಗಳಲ್ಲಿ ಮುಖ್ಯ ತೇಪೆಗೆ ಮುನ್ನ ಹಾಕಬೇಕಾದ ಇನ್ನೊಂದೂ ಇರುತ್ತದೆ, ಎರಡನ್ನೂ ತರಬೇಕು.)

ನಮ್ಮ ಮನೆಯಲ್ಲಿ ಕೆಲಸ ನಡೆದದ್ದು ಹೀಗೆ. ಕಾಲೇಜಿನ ಪ್ರಯೋಗಾಲಯದಲ್ಲಿ ಅಪ್ಪಣೆ ಪಡೆದು, ಸೋಂಕಿಲ್ಲದ ಯಂತ್ರದಲ್ಲಿ, ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದ 8 ಜಿಬಿಯ ಹೊಸ ಪೆನ್‌ಡ್ರೈವೊಂದರಲ್ಲಿ ವಿಂಡೋಸ್ 10ನ್ನು ತುಂಬಿಸಿದೆ. ಅವರದೇ ಅಪ್‌ಡೇಟ್ ಕ್ಯಾಟಲಾಗಿನಿಂದ ಆ ತಿಂಗಳ ಸಂಚಿತ ತೇಪೆಯನ್ನೂ, ಡಿಫೆಂಡರಿನ ವೈರಸ್ ಪಟ್ಟಿಯನ್ನೂ ಇನ್ನೊಂದರಲ್ಲಿ ಇಳಿಸಿ, ಅಲ್ಲಿಯೇ ಸಹಿಗಳನ್ನು ನೋಡಿದೆ. ನಮ್ಮ ಯಂತ್ರದ ಆವೃತ್ತಿಯನ್ನೂ ಅದು 64 ಬಿಟ್ಟಿನದೆಂಬುದನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ; ಹೊಂದದ ತೇಪೆಯನ್ನು ವಿಂಡೋಸು ಸ್ವೀಕರಿಸುವುದಿಲ್ಲ.

ಮನೆಯಲ್ಲಿ ಯಂತ್ರವನ್ನು ಮತ್ತೊಂದು ಪೆನ್‌ಡ್ರೈವಿನ ಲಿನಕ್ಸಿನಿಂದ ಎಬ್ಬಿಸಿದೆ. ಹೀಗೆ ಮಾಡಿದರೆ ಸೋಂಕಿನ ವಿಂಡೋಸು ನಿದ್ದೆಯಲ್ಲಿಯೇ ಉಳಿಯುತ್ತದೆ. ಪ್ರಬಂಧ, ಫೋಟೋಗಳು, ಅಪ್ಪನ ಜಮೀನಿನ ಕಾಗದಗಳ ಸ್ಕ್ಯಾನುಗಳು, ಇಷ್ಟನ್ನೇ ಹೊರತೆಗೆದೆ. ಯಾವ ಪ್ರೋಗ್ರಾಮನ್ನೂ ಮುಟ್ಟಲಿಲ್ಲ. ಆಮೇಲೆ ಡಿಸ್ಕಿನ ಭಾಗಗಳನ್ನೆಲ್ಲ ಅಳಿಸಿ ಸ್ಥಾಪನೆ, ಹಾಟ್‌ಸ್ಪಾಟು ಆರಿಸಿಯೇ. ನಂತರ ತೇಪೆ, ಆಮೇಲೆ ವೈರಸ್ ಪಟ್ಟಿ, ಆ ಮೇಲಷ್ಟೇ ಇಂಟರ್‌ನೆಟ್ಟು. ಪರವಾನಗಿ ಆ ಯಂತ್ರಕ್ಕೇ ದಾಖಲಾಗಿದ್ದುದರಿಂದ ಸಂಪರ್ಕ ಬಂದೊಡನೆ ತಾನಾಗಿ ಮರಳಿತು. ಪ್ರಬಂಧವನ್ನು ತೆರೆಯುವ ಮುನ್ನ ಶೋಧಿಸಿದೆವು. ಮ್ಯಾಕ್ರೋಗಳಿಗೆ ಎಡೆಯಿಲ್ಲದ ಡಾಕ್ಸ್ ಮಾದರಿಯದಾದ್ದರಿಂದ ಭಯ ಕಡಿಮೆಯಿತ್ತು. ನಾಲ್ಕು ದಿನ ಉಳಿದಿರುವಾಗಲೇ ಅದು ಒಪ್ಪಿಸಲ್ಪಟ್ಟಿತು.

ವಿಂಡೋಸಿನಲ್ಲೇ ಇರುವ ‘ರೀಸೆಟ್’ ಸೌಲಭ್ಯ ಇದಕ್ಕೆ ಸಾಲದೆ ಎಂದು ಮಿತ್ರರು ಕೇಳಿದರು. ಅದು ಹಳೆಯ ಅಪ್‌ಡೇಟುಗಳನ್ನು ಬಹುಮಟ್ಟಿಗೆ ಉಳಿಸಿಕೊಡುತ್ತದೆ, ನಿಜ. ಆದರೆ ಸಾಮಾನ್ಯ ರೀತಿಯಲ್ಲಿ ಅದು ವಿಂಡೋಸನ್ನು ಮತ್ತೆ ಕಟ್ಟುವುದು ಅದೇ ಡಿಸ್ಕಿನಲ್ಲಿರುವ ಕಡತಗಳಿಂದ. ನಿಧಾನವಾದ ಯಂತ್ರಕ್ಕೆ ಅದು ಸರಿ. ಸೋಂಕಿನ ಯಂತ್ರಕ್ಕೆ ನನಗೆ ಒಪ್ಪಿಗೆಯಿಲ್ಲ. 2020ರಿಂದ ಬಂದಿರುವ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳುವ ರೀತಿ ಮೇಲು, ಆದರೆ ಹಾಟ್‌ಸ್ಪಾಟಿನ ಮನೆಗೆ ಅದು ಭಾರಿ ಖರ್ಚು.

ಇಂದು ಮನೆಯ ರೌಟರೂ ಫೋನೂ ಹೊರಗಿನಿಂದ ಕರೆಯದೆ ಬರುವವರನ್ನು ಬಹುಮಟ್ಟಿಗೆ ತಡೆಯುತ್ತವೆ. ತೇಪೆಯ ಆತುರವೇಕೆ ಎನ್ನಬಹುದು. ಹಾಸ್ಟೆಲಿನ ಮಿತ್ರರು ಇದನ್ನು ನೆಚ್ಚಬಾರದು. ಅಲ್ಲಿ ನೆರೆಯವರೂ ಅದೇ ಜಾಲದೊಳಗೆ ಇರುತ್ತಾರೆ. 2017ರ ಮೇ 12ರಂದು ವಾನ್ನಾಕ್ರೈ ಹಬ್ಬಿದ್ದು ಹೀಗೆಯೇ, ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ. ಅದರ ತೇಪೆ ಮಾರ್ಚ್ 14ಕ್ಕೇ ಸಿದ್ಧವಿತ್ತು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನಮ್ಮ ಆ ಪೆನ್‌ಡ್ರೈವನ್ನು ವಿಂಡೋಸ್ 11ಕ್ಕೆ ಬದಲಿಸಿದ್ದೇವೆ. ಹೊಸ ತೇಪೆಗಳು ಬರುವುದು ತಿಂಗಳ ಎರಡನೆಯ ಮಂಗಳವಾರ, ನಮ್ಮ ಗಡಿಯಾರಕ್ಕೆ ರಾತ್ರಿ ಹತ್ತೂವರೆಯ ಮೇಲೆ. ಆ ವಾರ ಪ್ರಯೋಗಾಲಯಕ್ಕೆ ಹೋಗಿ ಹಳೆಯದನ್ನು ಅಳಿಸಿ ಹೊಸದನ್ನು ತುಂಬಿಸುತ್ತೇನೆ. ಪೆನ್‌ಡ್ರೈವಿಗೆ ದಾರ ಕಟ್ಟಿ, ತಾರೀಖು ಬರೆದ ಚೀಟಿ ಅಂಟಿಸಿದ್ದಾಳೆ ತಂಗಿ. ಅಚ್ಚಿನ ಅಂಗಡಿಗೆ ಹೋಗುವುದು ಬೇರೊಂದು.