ಒಂದೇ ಸಾಮು, ಬೇರೆ ಬೇರೆ ಫಲ

ಕುಣಿಗಲ್ ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು. ಒಂದೇ ಲಾಯದಲ್ಲಿ ಬೆಳೆದು ಒಂದೇ ಮೇವನ್ನು ತಿಂದ ಎರಡು ಮರಿಗಳಲ್ಲಿ ಒಂದು ಬೇಗನೆ ಪಳಗುತ್ತದೆ, ಇನ್ನೊಂದು ತಡವಾಗಿ. ಕುದುರೆಗಳನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. ಗರಡಿಮನೆಯಲ್ಲಿಯೂ ಒಬ್ಬನೇ ಉಸ್ತಾದನ ಬಳಿ ಸಾಮು ಮಾಡಿದ ಇಬ್ಬರು ಪೈಲ್ವಾನರು ಸಮನಾಗುವುದಿಲ್ಲ. ಈಗ ದೇಹಕ್ಕೆ ಮಾತ್ರವಲ್ಲ, ಮಿದುಳಿಗೂ ಸಾಮು ಮಾಡಿಸುವ ಕ್ರಮವೊಂದು ಕ್ರೀಡಾರಂಗಕ್ಕೆ ಬಂದಿದೆ. ಅದರ ಹೆಸರು ನ್ಯೂರೋಫೀಡ್‌ಬ್ಯಾಕ್. ಅಲ್ಲಿಯೂ ಈ ವ್ಯಕ್ತಿಭೇದ ಎದ್ದು ಕಾಣುವುದು. ಅದಕ್ಕೆ ಕಾರಣವೇನು?

ಮಾನವನ ಮಿದುಳಿನ ವಿದ್ಯುತ್ತರಂಗಗಳನ್ನು 1924ರಲ್ಲಿ ಮೊದಲು ಗುರುತಿಸಿದವನು ಜರ್ಮನಿಯ ಹ್ಯಾನ್ಸ್ ಬರ್ಗರ್. ಕಣ್ಣು ಮುಚ್ಚಿ ವಿರಮಿಸುವಾಗ ಸೆಕೆಂಡಿಗೆ ಸುಮಾರು 8ರಿಂದ 13 ಸ್ಪಂದನಗಳ ಆಲ್ಫಾ ತರಂಗ ಪ್ರಬಲವಾಗುತ್ತದೆ. ಮೈ ನಿಶ್ಚಲವಾಗಿದ್ದು ಮನಸ್ಸು ಎಚ್ಚರವಾಗಿರುವಾಗ, ಚಲನೆಯನ್ನು ಆಳುವ ಭಾಗದಲ್ಲಿ 12ರಿಂದ 15 ಸ್ಪಂದನಗಳ ಲಯವೊಂದು ತೋರುತ್ತದೆ. ಎದುರಾಳಿಯ ಪಟ್ಟನ್ನು ಕಾಯುತ್ತ ನಿಂತ ಪಟುವಿಗೆ ಬೇಕಾದುದು ಇಂಥ ಸ್ಥಿತಿಯೇ ಎಂಬುದು ಈ ಶಿಕ್ಷಣದ ಹಿಂದಿನ ಎಣಿಕೆ. ನೆತ್ತಿಯ ಮೇಲಿಟ್ಟ ವಿದ್ಯುದಗ್ರಗಳು ತರಂಗಗಳನ್ನು ಗ್ರಹಿಸುತ್ತವೆ. ಬೇಕಾದ ಲಯ ಬಲಗೊಂಡೊಡನೆ ಪರದೆಯ ಚಿತ್ರವೋ ಧ್ವನಿಯೋ ಅದನ್ನು ಸೂಚಿಸುತ್ತದೆ. ಕನ್ನಡಿಯಲ್ಲಿ ತನ್ನ ನಿಲುವನ್ನು ನೋಡಿ ತಿದ್ದಿಕೊಳ್ಳುವಂತೆ, ಅಭ್ಯಾಸಿಯು ತನ್ನ ಮಿದುಳಿನ ಸ್ಥಿತಿಯನ್ನು ತಿದ್ದಿಕೊಳ್ಳಲು ಯತ್ನಿಸುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ, ತಲೆಗೆ ಪೆಟ್ಟು ಬಿದ್ದವರ ಚೇತರಿಕೆಗೂ ಈ ಕ್ರಮವನ್ನು ಪರೀಕ್ಷಿಸಲಾಗಿದೆ.

ಆದರೆ ಎಲ್ಲರೂ ಕಲಿಯುವುದಿಲ್ಲ. ಕೆಲವರಲ್ಲಿ ಆ ಲಯ ಮೊದಲೇ ಪ್ರಬಲ, ಕೆಲವರಲ್ಲಿ ಕ್ಷೀಣ. ಒಬ್ಬನ ಆಲ್ಫಾ 9 ಸ್ಪಂದನಗಳಲ್ಲಿ ಉಚ್ಚವಾದರೆ ಮತ್ತೊಬ್ಬನದು 11ರಲ್ಲಿ. ಇಬ್ಬರಿಗೂ ಒಂದೇ ಗುರಿಯನ್ನು ಗೊತ್ತುಮಾಡುವುದು ಎಲ್ಲರಿಗೂ ಒಂದೇ ಅಳತೆಯ ಪಾದರಕ್ಷೆ ಹೊಲಿದಂತೆ. ಇನ್ನೊಂದು ತೊಡಕು ಪೈಲ್ವಾನನ ಬಲದಲ್ಲಿಯೇ ಇದೆ. ಅವನು ಹಟದಿಂದ ಗೆದ್ದು ಬಂದವನು. ಈ ಲಯವಾದರೋ ಹಟಕ್ಕೆ ಒಲಿಯುವುದು ಕಷ್ಟ. ಹಲ್ಲು ಕಚ್ಚಿ, ಕತ್ತು ಬಿಗಿದರೆ ಸ್ನಾಯುಗಳ ವಿದ್ಯುತ್ತು ಮಿದುಳಿನ ಅಲ್ಪ ವಿದ್ಯುತ್ತನ್ನು ಮುಚ್ಚಿಬಿಡುತ್ತದೆ. ಎಚ್ಚರ ತಪ್ಪಿದರೆ ದವಡೆಯ ಕೆಲಸವೇ ಮಿದುಳಿನ ಕೆಲಸವೆಂದು ಲೆಕ್ಕಕ್ಕೆ ಸೇರೀತು. ಇದಲ್ಲದೆ, ಆಗಲೇ ಶಿಖರದ ಬಳಿ ನಿಂತವನಿಗೆ ಏರಲು ಉಳಿದಿರುವುದು ಸ್ವಲ್ಪವೇ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಶಿಕ್ಷಣದ ನಂತರ ಐವರು ಪಟುಗಳ ಪ್ರತಿಕ್ರಿಯಾ ಕಾಲದಲ್ಲಿ ಆದ ಉಳಿತಾಯ ಕ್ರಮವಾಗಿ 40, 30, 0, 0 ಮಿಲಿಸೆಕೆಂಡು. ಐದನೆಯವನು 20 ಮಿಲಿಸೆಕೆಂಡು ನಿಧಾನವಾದನು. ಸರಾಸರಿ ಲಾಭ 10. ಆದರೆ ಆ 10 ಯಾರಿಗೆ ಬಂತು? ಒಬ್ಬನಿಗೂ ಇಲ್ಲ! ಸರಾಸರಿಯನ್ನೇ ನಂಬಿದ ತರಬೇತುದಾರನು ಐದನೆಯವನ ಹಿನ್ನಡೆಯನ್ನು ಕಾಣುವುದೇ ಇಲ್ಲ. ಉತ್ತಮ ದರ್ಜೆಯ ಪಟುಗಳು ಎಲ್ಲೆಡೆಯೂ ಕೆಲವರೇ ಆದುದರಿಂದ ಈ ಅಪಾಯ ಇನ್ನೂ ಹೆಚ್ಚು.

ಹಾಗೆಂದು ಒಂದೇ ದಿನದ ಅಳತೆಯಿಂದ ಒಬ್ಬನನ್ನು ‘ಕಲಿಯಲಾರದವನು’ ಎಂದು ಹಣೆಪಟ್ಟಿ ಕಟ್ಟುವುದೂ ಸಲ್ಲದು. ನಿದ್ರೆ, ಆಯಾಸ, ಆತಂಕಗಳಿಂದ ಪ್ರತಿಕ್ರಿಯಾ ಕಾಲ ದಿನದಿನಕ್ಕೂ ಬದಲಾಗುತ್ತದೆ. ಆದುದರಿಂದ ಪ್ರತಿಯೊಬ್ಬನನ್ನೂ ಅನೇಕ ಸಲ ಅಳೆದು ಅವನೊಡನೆಯೇ ಹೋಲಿಸಬೇಕು. ನಂಬಿಕೆಯೊಂದೇ ಫಲ ಕೊಟ್ಟಿತೇ ಎಂದು ತಿಳಿಯಲು, ಮಿದುಳಿಗೆ ಸಂಬಂಧಿಸದ ಹುಸಿ ಸೂಚನೆ ಪಡೆದ ಇನ್ನೊಂದು ಗುಂಪೂ ಬೇಕು. ಲಯ ಬದಲಾದ ಮಾತ್ರಕ್ಕೆ ಕುಸ್ತಿ ಸುಧಾರಿಸಿತೆಂದೂ ಅಲ್ಲ. ಅದನ್ನು ಕಣದಲ್ಲಿಯೇ ಪರೀಕ್ಷಿಸಬೇಕು. ಫಲ ಕಾಣದವನು ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ. ಅವನಿಗೆ ಬೇರೆ ಸಾಮು ಬೇಕಾಗಿರಬಹುದು.