ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ನಿಜಕ್ಕೂ ಎಷ್ಟು ಗಂಟೆ?

ಏಪ್ರಿಲ್ ಬಂತೆಂದರೆ ಮಗನ ಮನೆಗೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಹಿರಿಯರು ಬಹಳ. ಟಿಕೆಟ್ ಕೈಗೆ ಬಂದರೂ ಪ್ರಯಾಣ ಎಷ್ಟು ಹೊತ್ತಿನದು ಎಂಬ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲು ದೂರ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಡಬೇಡಿ. ಮಕ್ಕಳ ಗ್ಲೋಬ್ ತಂದು ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿಯಿರಿ. ಅದು ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದೆ. ಅತಿ ಹತ್ತಿರದ ದಾರಿ ಅದೇ, ಸುಮಾರು 14,000 ಕಿ.ಮೀ. ದುಬೈ ಮೂಲಕ ಹೋದರೆ 15,700 ಕಿ.ಮೀ. ಆಸುಪಾಸು. ಮುಚ್ಚಿದ ವಾಯುಪ್ರದೇಶಗಳನ್ನು ಬಳಸಿ ಹೋಗಬೇಕಾದಾಗ ಇನ್ನೂ ಹೆಚ್ಚು.

ದೊಡ್ಡ ವಿಮಾನಗಳ ವೇಗ ಗಂಟೆಗೆ 900 ಕಿ.ಮೀ. ಹತ್ತಿರ. ಭಾಗಿಸಿ ಬಂದ ಉತ್ತರಕ್ಕೆ ರನ್‌ವೇಗೆ ಸಾಗುವುದು, ಏರುವುದು, ಇಳಿಯುವುದು ಎಲ್ಲ ಸೇರಿ ಒಂದು ಗಂಟೆಯಾದರೂ ಕೂಡಿಸಿ. ನಿಲುಗಡೆಯಿಲ್ಲದೆ ಹಾರಿದರೆ 17 ಗಂಟೆ ಎಂದಿಟ್ಟುಕೊಳ್ಳಿ.

ಇನ್ನು ಎಲ್ಲರೂ ತಪ್ಪುವ ಜಾಗ. ಟಿಕೆಟ್‌ನಲ್ಲಿ ಹೊರಡುವ ಸಮಯ ಬೆಂಗಳೂರಿನದು, ತಲುಪುವ ಸಮಯ ಅಲ್ಲಿನದು. ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯಲೇಬೇಡಿ. ಬೇಸಿಗೆಯ ಒಂದು ದಿನ ಬೆಳಗಿನ ಜಾವ 4ಕ್ಕೆ ಹೊರಟು ಅದೇ ದಿನ ಮಧ್ಯಾಹ್ನ 1.30ಕ್ಕೆ ತಲುಪುವ ಟಿಕೆಟ್ ಇದೆ ಎನ್ನಿ. ಒಂಬತ್ತೂವರೆ ಗಂಟೆ ಎಂದು ನಿಶ್ಚಿಂತರಾಗುವವರಿದ್ದಾರೆ. ಅಲ್ಲಿನ ಸಮಯಕ್ಕೆ 12 ಗಂಟೆ 30 ನಿಮಿಷ ಕೂಡಿಸಿ: ನಮ್ಮ ಗಡಿಯಾರದಲ್ಲಿ ಮರುದಿನ ನಸುಕಿನ 2 ಗಂಟೆ. ಅಂದರೆ ಪ್ರಯಾಣ 22 ಗಂಟೆ! ಸಕ್ಕರೆ ಕಾಯಿಲೆಯವರಿಗೆ, ಮಂಡಿನೋವಿನವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕೂಡಿಸಬೇಕಾದ ಅಂಕಿಯೂ ವರ್ಷವಿಡೀ ಒಂದೇ ಅಲ್ಲ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಉಳಿದ ತಿಂಗಳುಗಳಲ್ಲಿ 13 ಗಂಟೆ 30 ನಿಮಿಷ ಕೂಡಿಸಬೇಕು.

ವಾಪಸ್ ಬರುವಾಗ ತಾರೀಖು ಕೈಕೊಡುತ್ತದೆ. ಶನಿವಾರ ಸಂಜೆ 4ಕ್ಕೆ ಅಲ್ಲಿ ಹೊರಟವರು 22 ಗಂಟೆ ಕಳೆದು ಇಲ್ಲಿಳಿಯುವುದು ಸೋಮವಾರ ನಸುಕಿನ 2.30ಕ್ಕೆ. ಟಿಕೆಟ್‌ನಲ್ಲಿ ಸಮಯದ ಪಕ್ಕ ಸಣ್ಣದಾಗಿ +2 ಎಂದಿರುವುದು ಇದಕ್ಕೇ. ಅದನ್ನು ನೋಡದೆ ಭಾನುವಾರ ನಸುಕಿಗೇ ದೇವನಹಳ್ಳಿಗೆ ಕಾರು ತಂದು ಕಾದು ಕುಳಿತವರನ್ನು ಕಂಡಿದ್ದೇನೆ. ಕರೆತರಲು ಬರುವವರಿಗೆ ವಾರದ ಹೆಸರು ಸೇರಿಸಿ ಬರೆದು ಕಳಿಸಿ.

‘ಡೈರೆಕ್ಟ್’ ಎಂದರೆ ನಡುವೆ ಎಲ್ಲೂ ಇಳಿಯುವುದಿಲ್ಲ ಎಂದಲ್ಲ. ‘ನಾನ್‌ಸ್ಟಾಪ್’ ಎಂದಿದೆಯೇ ನೋಡಿ.

ನ್ಯೂಯಾರ್ಕ್, ಷಿಕಾಗೊದಂಥ ಕಡೆ ವಿಮಾನ ಬದಲಿಸುವುದಾದರೆ ಇಮಿಗ್ರೇಷನ್ ಅಲ್ಲೇ. ಸಾಮಾನ್ಯವಾಗಿ ಬ್ಯಾಗನ್ನೂ ಅಲ್ಲೇ ತೆಗೆದು ಮತ್ತೆ ಕೊಡಬೇಕು. ಮೂರು ಗಂಟೆಗಿಂತ ಕಡಿಮೆ ಬಿಡುವಿದ್ದರೆ, ಎಷ್ಟೇ ಅಗ್ಗವಾಗಿರಲಿ, ಆ ಟಿಕೆಟ್ ಬೇಡ. ವೀಲ್‌ಚೇರ್ ಬೇಕಿದ್ದರೆ ಬುಕ್ ಮಾಡುವಾಗಲೇ ಕೇಳಿ. ಮಾತ್ರೆ, ಇನ್ಸುಲಿನ್ ಕೈಚೀಲದಲ್ಲಿರಲಿ. ಪ್ರಯಾಣದ ಒಟ್ಟು ಗಂಟೆ ಹೇಳಿ, ಯಾವಾಗ ತೆಗೆದುಕೊಳ್ಳಬೇಕೆಂದು ವೈದ್ಯರಿಂದಲೇ ಬರೆಸಿಕೊಳ್ಳಿ.