ಕಿವಿ ಮಂದವಾದರೆ ಸುಮ್ಮನಿರಬಾರದು
ಟೀವಿ ಸದ್ದು ದಿನೇ ದಿನೇ ಏರುತ್ತದೆ. ಮೊಮ್ಮಗಳ ಮಾತು ಕೇಳಿಸದಿದ್ದರೂ ಅಜ್ಜ ತಲೆಯಾಡಿಸುತ್ತಾರೆ. ‘ವಯಸ್ಸಾಯ್ತಲ್ಲ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಕಿವಿ ಮಂದವಾದರೆ ಅದರ ಪರಿಣಾಮ ನೆನಪಿನ ಮೇಲೂ ಆಗಬಹುದು.

ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯ ಮೇಲೆ ಮೂರು ವರ್ಷ ನಡೆದ ‘ಅಚೀವ್’ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ಶ್ರವಣ ಯಂತ್ರ ಸೇರಿದ ಚಿಕಿತ್ಸೆಯಿಂದ ನೆನಪು, ಯೋಚನಾಶಕ್ತಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಹೆಚ್ಚಿದ್ದ ಹಿರಿಯರಲ್ಲಿ ಕುಸಿತ ಶೇ. 48ರಷ್ಟು ನಿಧಾನವಾಯಿತು. ಸಣ್ಣ ಮಾತಲ್ಲ ಇದು.

ಕೇಳಿಸದ ಪದ ಊಹಿಸುವುದರಲ್ಲೇ ಮಿದುಳು ದಣಿಯುತ್ತದೆ, ಹರಟೆ ತಪ್ಪಿ ಒಂಟಿತನ ಹೆಚ್ಚುತ್ತದೆ ಎಂಬುದು ತಜ್ಞರ ವಿವರಣೆ.

ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ಮೊದಲು ವೈದ್ಯರಿಂದ ತೆಗೆಸಬೇಕು. ಕೆಲವರಿಗೆ ಅಷ್ಟೇ ಸಾಕು. ಆಮೇಲೆ ಶ್ರವಣ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಇದನ್ನು ಮಾಡುತ್ತಾರೆ. ಪರೀಕ್ಷೆಯ ನಂತರ ಶ್ರವಣ ಯಂತ್ರ ಬೇಕಾದರೆ, ಹಾಕಿದ ಹೊಸತರಲ್ಲಿ ಪಾತ್ರೆ ಸದ್ದೂ ಕಿರಿಕಿರಿ ಎನಿಸಬಹುದು. ಯಂತ್ರವನ್ನು ಬೀರುವಿಗೆ ಸೇರಿಸುವ ಬದಲು ಶ್ರವಣ ತಜ್ಞರ (ಆಡಿಯಾಲಜಿಸ್ಟ್) ಬಳಿ ಹೋಗಿ ಸದ್ದು ಹೊಂದಿಸಿಕೊಳ್ಳುವುದು ಒಳ್ಳೆಯದು.